ಅಂಕೆಗಳನ್ನು ಹಿಡಿದಿಡುವ ಮನಸ್ಸು: ಪರೀಕ್ಷೆ ಮತ್ತು ಅಭ್ಯಾಸ

ಮರೆವಿನ ವಿಷಯದಲ್ಲಿ ನಾವು ಆಡುವ ಮಾತು ಬಹು ಬೇಗ ತೀರ್ಪಾಗಿಬಿಡುತ್ತದೆ. ಮಗು ಮರೆತರೆ 'ಮಂದಬುದ್ಧಿ' ಎನ್ನುತ್ತೇವೆ. ಮುಪ್ಪಿನವರು ಮರೆತರೆ 'ಅರುಳು-ಮರುಳು' ಎನ್ನುತ್ತೇವೆ. ನಾವೇ ಮರೆತಾಗ ಮಾತ್ರ 'ಕೆಲಸದ ಒತ್ತಡ' ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಹೀಗೆ ಅವಸರದಲ್ಲಿ ಕೊಟ್ಟ ತೀರ್ಪಿನಿಂದ ಒಂದು ಜೀವ ಎಷ್ಟು ನೊಂದುಕೊಳ್ಳುತ್ತದೆ ಎಂಬುದನ್ನು ಕಳೆದ ಶ್ರಾವಣದಲ್ಲಿ ಕಣ್ಣಾರೆ ಕಂಡೆನು. ಈ ಲೇಖನಕ್ಕೆ ಅದೇ ಕಾರಣ.

ನನ್ನ ಹಿರಿಯಕ್ಕ ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ವಯಸ್ಸು ಎಪ್ಪತ್ತನಾಲ್ಕು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಶೇಂಗಾ ಕೀಳುವ ಆಳುಗಳ ಲೆಕ್ಕ, ಹಾಲಿನವನ ಲೆಕ್ಕ, ಯಾರ ಮದುವೆಗೆ ಎಷ್ಟು ಮುಯ್ಯಿ ಬಂತೆಂಬ ಲೆಕ್ಕ ಎಲ್ಲವೂ ಅವಳ ನಾಲಗೆಯ ತುದಿಯಲ್ಲಿರುತ್ತಿದ್ದವು. ಒಂದು ದಿನ ಗಂಗಾವತಿಯಲ್ಲಿರುವ ಅವಳ ಮಗ ಔಷಧಿಯ ಪಾರ್ಸೆಲ್ ಕಳಿಸಿದ್ದನು. ತಂದವನಿಗೆ ಆರು ಅಂಕೆಗಳ ಸಂಖ್ಯೆಯೊಂದನ್ನು ಹೇಳಬೇಕಿತ್ತು. ಮಗ ಅದನ್ನು ಫೋನಿನಲ್ಲಿ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದನು. ಅಕ್ಕ ನಡುಮನೆಯಿಂದ ಹೊರಗಿನ ಕಟ್ಟೆಗೆ ಬರುವಷ್ಟರಲ್ಲಿ ಮೂರು ಅಂಕೆ ಉಳಿದಿದ್ದವು, ಮೂರು ಹೋಗಿದ್ದವು. ಎರಡನೆಯ ಸಲವೂ ಹಾಗೆಯೇ ಆಯಿತು. ಪಾರ್ಸೆಲ್ ಹಿಂತಿರುಗಿತು.

ಅಂದಿನಿಂದ ಮನೆಯಲ್ಲಿ ಮಾತು ಹುಟ್ಟಿತು. ಟ್ರಂಕಿನ ಕೀಲಿ ಸೊಸೆಯ ಕೈಗೆ ಹೋಯಿತು. ಬ್ಯಾಂಕಿನ ಪಾಸ್‌ಬುಕ್ ಮಗನ ಕೈಗೆ ಹೋಯಿತು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಹಿರಿಯಳ ರಕ್ಷಣೆಗೆಂದೇ ಹೀಗೆ ಮಾಡಿದ್ದರು. ನಾನು ಹೋದಾಗ ಅಕ್ಕ ಮೆಲ್ಲಗೆ ಕೇಳಿದಳು: "ತಮ್ಮಾ, ನೀ ಓದಿದಾಂವ. ಖರೇ ಹೇಳು, ನನ್ನ ತಲಿ ಕೆಟ್ಟೈತೇನು?" ನನಗೆ ಉತ್ತರ ತಿಳಿದಿರಲಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಕೋಶ, ವ್ಯಾಕರಣಗಳನ್ನು ಬಾಯಿಪಾಠ ಮಾಡಿದವನು ನಾನು. ಆದರೆ ಬಾಯಿಪಾಠವು ಮನಸ್ಸಿನೊಳಗೆ ಹೇಗೆ ನಿಲ್ಲುತ್ತದೆಂದು ವಿಚಾರ ಮಾಡಿರಲಿಲ್ಲ. ಊರಿಗೆ ಮರಳಿದ ಮೇಲೆ ಆ ವಿಷಯದ ಗ್ರಂಥಗಳನ್ನು ತರಿಸಿ ಓದಿದೆನು. ಓದಿ ತಿಳಿದದ್ದನ್ನು, ಅಕ್ಕನ ಮನೆಯಲ್ಲಿ ಮಾಡಿ ನೋಡಿದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಏಳರ ಎಲ್ಲೆ

ಸ್ಮರಣೆ ಎಂಬುದು ಒಂದೇ ಉಗ್ರಾಣವಲ್ಲ. ಬಾಲ್ಯದ ಜಾತ್ರೆ, ಕಲಿತ ಮಗ್ಗಿ, ತಾಯಿಯ ಧ್ವನಿ ಇವೆಲ್ಲ ಸೇರುವುದು ದೀರ್ಘಸ್ಮೃತಿಯಲ್ಲಿ. ಈಗ ಕೇಳಿದ ಸಂಖ್ಯೆಯನ್ನು ಕೆಲವು ಕ್ಷಣ ಹಿಡಿದಿಟ್ಟು ಬಳಸುವ ಶಕ್ತಿ ಬೇರೆ. ಅದನ್ನು ಅಲ್ಪಾವಧಿ ಸ್ಮೃತಿ ಎನ್ನಬಹುದು. ಮೊದಲನೆಯದು ಹಗೇವಿನಂತೆ, ಎರಡನೆಯದು ಬೊಗಸೆಯಂತೆ. ಬೊಗಸೆ ತುಂಬಿದ ಮೇಲೆ ಮತ್ತೆ ಸುರಿದರೆ ಕಾಳು ಚೆಲ್ಲಲೇಬೇಕು.

ಈ ಬೊಗಸೆಯ ಅಳತೆಯನ್ನು ಅಂಕೆಗಳಿಂದ ತಿಳಿಯುವ ಪ್ರಯೋಗವನ್ನು 1887ರಲ್ಲಿ ಲಂಡನ್ನಿನ ಜೋಸೆಫ್ ಜೇಕಬ್ಸ್ ಎಂಬವರು ಶಾಲಾ ಮಕ್ಕಳ ಮೇಲೆ ಮಾಡಿದರು. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ ಮತ್ತು ಸಿಮೊನ್ ರಚಿಸಿದ ಬುದ್ಧಿಪರೀಕ್ಷೆಯಲ್ಲಿಯೂ ಕೇಳಿದ ಅಂಕೆಗಳನ್ನು ಮರಳಿ ಹೇಳುವ ಭಾಗವಿತ್ತು. 1956ರಲ್ಲಿ ಅಮೆರಿಕೆಯ ಜಾರ್ಜ್ ಮಿಲ್ಲರ್ ಎಂಬ ಮನೋವಿಜ್ಞಾನಿ, ವಯಸ್ಕನು ಒಮ್ಮೆಗೆ ಹಿಡಿದಿಡಬಲ್ಲ ಘಟಕಗಳ ಸಂಖ್ಯೆ ಸುಮಾರು ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದು ಬರೆದರು. ಆದರೆ ಅವರ ಲೇಖನದ ತಿರುಳು ಏಳೆಂಬ ಸಂಖ್ಯೆಯಲ್ಲಿಲ್ಲ, 'ಘಟಕ' ಎಂಬ ಮಾತಿನಲ್ಲಿದೆ. ಬೊಗಸೆಯಲ್ಲಿ ಬಿಡಿ ಕಾಳು ಹಿಡಿಯುವ ಬದಲು ಕಾಳು ಕಟ್ಟಿದ ಸಣ್ಣ ಗಂಟುಗಳನ್ನು ಹಿಡಿದರೆ, ಅದೇ ಬೊಗಸೆಯಲ್ಲಿ ಹೆಚ್ಚು ಕಾಳು ನಿಲ್ಲುತ್ತದೆಯಲ್ಲವೇ? 2001ರಲ್ಲಿ ನೆಲ್ಸನ್ ಕೋವನ್ ಎಂಬವರು, ಗಂಟು ಕಟ್ಟಲು ಅವಕಾಶವಿಲ್ಲದಂತೆ ಅಳೆದರೆ ನಿಜವಾದ ಎಲ್ಲೆ ಸುಮಾರು ನಾಲ್ಕೇ ಎಂದು ತೋರಿಸಿದರು. ಅಂದಮೇಲೆ ನಾವು ಏಳು ಅಂಕೆ ಹಿಡಿಯುವಾಗಲೇ ನಮಗೆ ತಿಳಿಯದಂತೆ ಗಂಟು ಕಟ್ಟುತ್ತಿರುತ್ತೇವೆ.

ಮಾತಿನ ಉದ್ದ, ನೆನಪಿನ ಅಳತೆ

ಕೇಳಿದ ಸಂಖ್ಯೆಯನ್ನು ನಾವು ಒಳಗೊಳಗೇ ಉಚ್ಚರಿಸುತ್ತ ಉಳಿಸಿಕೊಳ್ಳುತ್ತೇವೆ. ಈ ಒಳದನಿಯ ಸುತ್ತನ್ನು 1974ರಲ್ಲಿ ಇಂಗ್ಲೆಂಡಿನ ಅಲನ್ ಬ್ಯಾಡ್‌ಲಿ ಮತ್ತು ಗ್ರಹಾಂ ಹಿಚ್ ವಿವರಿಸಿದರು. ಸುಮಾರು ಎರಡು ಸೆಕೆಂಡಿನಲ್ಲಿ ಎಷ್ಟನ್ನು ಉಚ್ಚರಿಸಬಹುದೋ ಅಷ್ಟು ನಿಲ್ಲುತ್ತದೆ ಎಂಬುದು ಮುಂದಿನ ಪ್ರಯೋಗಗಳಿಂದ ಕಂಡುಬಂತು. ಆದ್ದರಿಂದ ಭಾಷೆಯಿಂದ ಭಾಷೆಗೆ ಅಳತೆ ಬದಲಾಗುತ್ತದೆ. ವೇಲ್ಸ್ ದೇಶದ ಭಾಷೆಯಲ್ಲಿ ಅಂಕೆಗಳ ಹೆಸರನ್ನು ಉಚ್ಚರಿಸಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು. ಆ ಕಾರಣದಿಂದಲೇ ವೆಲ್ಷ್ ಮಾತಾಡುವವರು ಅಂಕೆಯ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ, ಬುದ್ಧಿಯ ಕೊರತೆಯಿಂದಲ್ಲ ಎಂದು 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ ಎಂಬ ಸಂಶೋಧಕರು ತೋರಿಸಿದರು.

ನಮ್ಮ ಕನ್ನಡದಲ್ಲಿ ನೋಡಿರಿ. ಎರಡು, ಒಂಬತ್ತು ಎಂಬವಕ್ಕೆ ಮೂರು ಅಕ್ಷರ. ಸೊನ್ನೆಯೂ ಸೇರಿ ಉಳಿದವಕ್ಕೆ ಎರಡೆರಡು. ಇಂಗ್ಲಿಷಿನಲ್ಲಿ ಹೆಚ್ಚಿನವು ಒಂದೇ ಉಚ್ಚಾರಕ್ಕೆ ಮುಗಿಯುತ್ತವೆ. ಹಾಗಾದರೆ ಇಂಗ್ಲಿಷೇ ಸುಲಭವಲ್ಲವೇ ಎಂದು ಕೇಳಬಹುದು. ಅದು ಹುಟ್ಟಿನಿಂದ ಬಳಸಿದವರಿಗೆ ಸುಲಭ. ಕಿವಿಯಿಂದಷ್ಟೇ ಕಲಿತ ನಮ್ಮಕ್ಕನಂಥವರು ಪ್ರತಿಯೊಂದು ಅಂಕೆಯನ್ನೂ ಕನ್ನಡಕ್ಕೆ ತಿರುಗಿಸಿಕೊಳ್ಳಬೇಕು. ಒಂದನ್ನು ತಿರುಗಿಸುವಷ್ಟರಲ್ಲಿ ಹಿಂದಿನದು ಜಾರುತ್ತದೆ.

ಕನ್ನಡಕ್ಕೆ ಇನ್ನೊಂದು ಅನುಕೂಲವಿದೆ. 482716 ಎಂಬ ಸಂಖ್ಯೆಯನ್ನು 'ನಾಲ್ಕು, ಎಂಟು, ಎರಡು, ಏಳು, ಒಂದು, ಆರು' ಎಂದು ಬಿಡಿಬಿಡಿಯಾಗಿ ಹೇಳಿದರೆ ಹದಿಮೂರು ಅಕ್ಷರ. 'ನಲವತ್ತೆಂಟು, ಇಪ್ಪತ್ತೇಳು, ಹದಿನಾರು' ಎಂದರೂ ಹದಿಮೂರೇ ಅಕ್ಷರ. ಆದರೆ ಹೊರೆಗಳು ಆರರ ಬದಲು ಮೂರಾದವು. ನಮ್ಮ ಸಂತೆ, ಅಡತಿ ಅಂಗಡಿಗಳ ಹಿರಿಯರು ಲೆಕ್ಕವನ್ನು ಹೀಗೆ ಜೋಡಿಯಾಗಿಯೇ ನುಡಿಯುತ್ತಿದ್ದರು. ಕಾಳು ಅಳೆಯುವವನು ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎಂದು ರಾಗವಾಗಿ ಆರಂಭಿಸುವುದನ್ನು ಓದುಗರು ಕೇಳಿರಬಹುದು. ಮಂಗಳದ ಮಾತೆಂದು ಅದನ್ನು ಬಳಸುತ್ತಾರೆ; ಆ ರಾಗದ ಎಳೆಯೇ ಎಣಿಕೆ ತಪ್ಪದಂತೆ ಕಾಯುತ್ತದೆ.

ಮನೆಯಲ್ಲಿಯೇ ಮಾಡುವ ಪರೀಕ್ಷೆ

ಪರೀಕ್ಷೆಗೆ ಬೇಕಾದದ್ದು ಒಂದು ಕಾಗದ, ಒಂದು ಗಡಿಯಾರ ಮತ್ತು ಸದ್ದಿಲ್ಲದ ಕೋಣೆ. ಮುಂಚಿತವಾಗಿ ಹೀಗೆ ಸಾಲುಗಳನ್ನು ಬರೆದಿಟ್ಟುಕೊಳ್ಳಬೇಕು.

4 9 1
8 3 5 9
6 1 9 3 7
3 9 5 1 8 2
9 2 6 4 1 8 3
4 1 7 9 2 5 8 6
2 9 5 7 1 8 4 6 3

ಪ್ರತಿಯೊಂದು ಉದ್ದಕ್ಕೂ ಇಂಥ ಎರಡು ಸಾಲುಗಳಿರಲಿ. ಏರಿಳಿತವಿಲ್ಲದ ಧ್ವನಿಯಲ್ಲಿ, ಸೆಕೆಂಡಿಗೆ ಒಂದರಂತೆ, ಕೇಳುವವರ ಮನೆಮಾತಿನಲ್ಲಿ ಓದಬೇಕು. ಜೋಡಿ ಮಾಡಿ ಓದಬಾರದು. ಓದಿ ಮುಗಿದೊಡನೆ ಅವರು ಅದೇ ಕ್ರಮದಲ್ಲಿ ಮರಳಿ ಹೇಳಬೇಕು. ಒಂದು ಉದ್ದದ ಎರಡೂ ಸಾಲುಗಳು ತಪ್ಪಿದರೆ ಅಲ್ಲಿಗೆ ನಿಲ್ಲಿಸಿ, ಅದಕ್ಕಿಂತ ಹಿಂದಿನ ಉದ್ದವೇ ಅವರ ಅಳತೆಯೆಂದು ಬರೆದುಕೊಳ್ಳಬೇಕು. ಅನಂತರ ಹೊಸ ಸಾಲುಗಳನ್ನು ಓದಿ ಹಿಂದುಮುಂದಾಗಿ ಹೇಳಿಸಬೇಕು. 4 9 1 ಎಂದರೆ 1 9 4 ಎಂದು ಉತ್ತರ ಬರಬೇಕು. ಇಲ್ಲಿ ಹಿಡಿದಿಡುವುದರ ಜೊತೆಗೆ ತಿರುಗಿಸುವ ಶ್ರಮವೂ ಇರುವುದರಿಂದ ಅಳತೆ ಒಂದೆರಡು ಕಡಿಮೆಯಾಗುವುದು ಸಹಜ.

ವಯಸ್ಕರಲ್ಲಿ ಐದರಿಂದ ಒಂಬತ್ತರವರೆಗೆ ಸಾಮಾನ್ಯ. ಮಕ್ಕಳಲ್ಲಿ ಇದು ವಯಸ್ಸಿನೊಡನೆ ಬೆಳೆಯುತ್ತದೆ. ಬಿನೆಯವರ 1908ರ ಪರೀಕ್ಷೆಯಲ್ಲಿ ಮೂರು ವರ್ಷದ ಮಗುವಿಗೆ ಎರಡು ಅಂಕೆ, ಏಳು ವರ್ಷದ ಮಗುವಿಗೆ ಐದು ಅಂಕೆ ಎಂದು ನಿಗದಿಯಾಗಿತ್ತು. ಆದ್ದರಿಂದ ಎರಡನೆಯ ಇಯತ್ತೆಯ ಹುಡುಗ ಏಳು ಅಂಕೆ ಹೇಳಲಿಲ್ಲವೆಂದು ಗದರಿಸುವ ತಂದೆ ತಪ್ಪು ಮಾಡುತ್ತಾನೆ. ನಿದ್ದೆಗೆಟ್ಟಾಗ, ಹಸಿದಾಗ, ಹೆದರಿದಾಗ ಪರೀಕ್ಷಿಸಬಾರದು. ಒಂದೇ ದಿನದ ಫಲವನ್ನು ನಂಬದೆ ಮೂರು ದಿನ ನೋಡಬೇಕು. ಮುಖ್ಯವಾಗಿ, ಹತ್ತು ಜನರ ಮುಂದೆ ಮುಪ್ಪಿನವರನ್ನು ಪರೀಕ್ಷೆಗೆ ಕೂರಿಸಬಾರದು. ನಗೆಯೊಂದು ಕೇಳಿಬಂದರೂ ಸಾಕು, ಬೊಗಸೆ ಬರಿದಾಗುತ್ತದೆ.

ಮಂಗಳೂರಿನ ತರುಣ, ಪಿಟ್ಸ್‌ಬರ್ಗಿನ ಓಟಗಾರ

ಈ ಅಳತೆಯನ್ನು ಹೆಚ್ಚಿಸಬಹುದೇ? ಇಬ್ಬರ ಕಥೆ ಇದಕ್ಕೆ ಉತ್ತರ ಹೇಳುತ್ತದೆ.

ಮೊದಲನೆಯವರು ಮಂಗಳೂರಿನಲ್ಲಿ ಬೆಳೆದ ರಾಜನ್ ಮಹದೇವನ್. 1981ರ ಜುಲೈ 5ರಂದು ಮಂಗಳೂರಿನಲ್ಲಿ, ವೃತ್ತದ ಪರಿಧಿ ಮತ್ತು ವ್ಯಾಸಗಳ ಅನುಪಾತವಾದ 'ಪೈ' ಎಂಬ ಸಂಖ್ಯೆಯ 31,811 ಅಂಕೆಗಳನ್ನು ತಪ್ಪಿಲ್ಲದೆ ನುಡಿದು ಅವರು ಗಿನ್ನೆಸ್ ದಾಖಲೆ ಮಾಡಿದರು. ವಿಶ್ರಾಂತಿಯ ಹೊತ್ತು ಸೇರಿ ನಾಲ್ಕು ಗಂಟೆಯೂ ಹಿಡಿಯಲಿಲ್ಲ. 1987ರಲ್ಲಿ ಜಪಾನಿನ ಹಿದೆಯಾಕಿ ತೊಮೊಯೋರಿ 40,000 ಅಂಕೆ ಹೇಳುವವರೆಗೆ ಆ ದಾಖಲೆ ಉಳಿಯಿತು. ಮುಂದೆ ಅಮೆರಿಕೆಯ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅವರ ಸ್ಮರಣೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ 1993ರಲ್ಲಿ ಒಂದು ಗ್ರಂಥವನ್ನೇ ಹೊರತಂದರು. ಅಂಕೆಗಳ ವಿಷಯದಲ್ಲಿ ಅವರಿಗೆ ಜನ್ಮದತ್ತ ಶಕ್ತಿಯಿದೆ ಎಂದು ಮೊದಲು ಭಾವಿಸಲಾಗಿತ್ತು. ಆದರೆ 2004ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಸಂಗತಿ ಹೊರಬಿತ್ತು. ಅಂಕೆಗಳ ಬದಲು ಅಪರಿಚಿತ ಚಿಹ್ನೆಗಳನ್ನು ತೋರಿಸಿದಾಗ ರಾಜನ್ ಅವರ ಅಳತೆಯೂ ಆರರ ಆಸುಪಾಸಿಗೆ, ಅಂದರೆ ನಮ್ಮೆಲ್ಲರ ಮಟ್ಟಕ್ಕೇ ಇಳಿಯಿತು. ಬೊಗಸೆ ದೊಡ್ಡದಾಗಿರಲಿಲ್ಲ, ಅಂಕೆಗಳನ್ನು ಗಂಟು ಕಟ್ಟುವ ಕೈ ಪಳಗಿತ್ತು.

ಎರಡನೆಯವನು ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ. 1980ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನ ಹೆಸರನ್ನು ಎಸ್.ಎಫ್. ಎಂಬ ಎರಡಕ್ಷರಗಳಿಂದಷ್ಟೇ ಸೂಚಿಸಿದ್ದಾರೆ. ಆರಂಭದಲ್ಲಿ ಅವನ ಅಳತೆ ಏಳು. ಸುಮಾರು 20 ತಿಂಗಳಲ್ಲಿ 230 ಗಂಟೆಗಳಷ್ಟು ಅಭ್ಯಾಸ ಮಾಡಿದ ಮೇಲೆ 79 ಅಂಕೆಗಳನ್ನು ಒಮ್ಮೆ ಕೇಳಿ ಮರಳಿ ಹೇಳುವಂತಾದನು. ಅವನು ದೂರದ ಓಟಗಾರ. ಕೇಳಿದ ಮೂರು ನಾಲ್ಕು ಅಂಕೆಗಳನ್ನು ಯಾವುದೋ ಓಟದ ಕಾಲವೆಂದು ಕಲ್ಪಿಸಿಕೊಂಡು, ತಾನು ಮೊದಲೇ ಬಲ್ಲ ಸಂಗತಿಗೆ ಕಟ್ಟಿಹಾಕುತ್ತಿದ್ದನು. ಅಂಕೆ ಬಿಟ್ಟು ಅಕ್ಷರಗಳನ್ನು ಕೊಟ್ಟಾಗ ಅವನೂ ಆರಕ್ಕೇ ಇಳಿದನು.

ಎರಡು ಕಥೆಗಳ ಸಾರ ಒಂದೇ. ಅಭ್ಯಾಸದಿಂದ ಬೊಗಸೆ ಹಿಗ್ಗುವುದಿಲ್ಲ, ಗಂಟು ಕಟ್ಟುವ ಜಾಣ್ಮೆ ಬೆಳೆಯುತ್ತದೆ. ಆ ಜಾಣ್ಮೆಗೆ ಬೇಕಾದ ದಾರವೆಂದರೆ ನಾವು ಮೊದಲೇ ಬಲ್ಲ ಸಂಗತಿಗಳು. ಈ ಮಾತು ಮುಪ್ಪಿನವರಿಗೆ ಧೈರ್ಯ ಕೊಡಬೇಕು. ಏಕೆಂದರೆ ಬಲ್ಲ ಸಂಗತಿಗಳು ಅವರಲ್ಲಿಯೇ ಹೆಚ್ಚು.

ಷಟ್ಪದಿಯ ನಡೆಯಲ್ಲಿ ಸಂಖ್ಯೆ

ಪಾಠಶಾಲೆಯಲ್ಲಿ ನಮ್ಮ ಗುರುಗಳು ಇಡೀ ಪದ್ಯವನ್ನು ಒಮ್ಮೆಗೇ ಹೇಳಿಕೊಡುತ್ತಿರಲಿಲ್ಲ. ಪಾದವೊಂದನ್ನು ಅವರು ಒಮ್ಮೆ ನುಡಿದರೆ ನಾವು ಎರಡು ಸಲ ನುಡಿಯಬೇಕು. ಅದು ನಿಂತ ಮೇಲೆಯೇ ಮುಂದಿನ ಪಾದ. ಮಠಗಳ ಪುರಾಣ ಶ್ರವಣದಿಂದ ಷಟ್ಪದಿಯ ನಡೆ ನಮ್ಮ ಮನೆಗಳ ಕಿವಿಗೆ ಹೊಸದಲ್ಲ. ಆ ನಡೆಯನ್ನೇ ಸಂಖ್ಯೆಗೂ ಬಳಸಬಹುದು.

ಆರು ಅಂಕೆಗಳ ಸಂಖ್ಯೆಯನ್ನು ಭೋಗ ಷಟ್ಪದಿಯಂತೆ ಮೂರು-ಮೂರಾಗಿ ನುಡಿಯಿರಿ. ಏಳು ಅಂಕೆಗಳಿದ್ದರೆ ಚಾಮರಸನ ಪ್ರಭುಲಿಂಗಲೀಲೆಯ ಭಾಮಿನಿಯಂತೆ ಮೂರು-ನಾಲ್ಕು. ಹತ್ತು ಅಂಕೆಗಳ ಮೊಬೈಲ್ ಸಂಖ್ಯೆಗೆ ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕದಂತೆ ಐದು-ಐದು. ಆಧಾರ್ ಚೀಟಿಯ ಹನ್ನೆರಡು ಅಂಕೆಗಳು ನಾಲ್ಕು-ನಾಲ್ಕರ ಮೂರು ಗುಂಪಾಗಿಯೇ ಅಚ್ಚಾಗಿವೆ. ಶರ ಷಟ್ಪದಿಯ ಗಣವೂ ನಾಲ್ಕು ಮಾತ್ರೆಯದೇ. ಗುಂಪಿನ ಕೊನೆಗೆ ತುಸು ನಿಲ್ಲಬೇಕು. ಆ ನಿಲುಗಡೆಯೇ ಗಂಟಿನ ಕುಣಿಕೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳಿಂದಲೂ (1892-1944) ಅನಂತರ ಪುಟ್ಟರಾಜ ಗವಾಯಿಗಳಿಂದಲೂ (1914-2010) ಕಲಿತ ಅಂಧ ಶಿಷ್ಯರು ಹೀಗೆಯೇ ತಾಳವನ್ನು ಧಾರಣೆ ಮಾಡಿದರು. ಗುರುಗಳಿಬ್ಬರೂ ಅಂಧರೇ. ತೀನ್ ತಾಳದ ಹದಿನಾರು ಮಾತ್ರೆ ನಾಲ್ಕರ ನಾಲ್ಕು ಭಾಗ. ಝಪ್ ತಾಳದ ಹತ್ತು ಮಾತ್ರೆ ಎರಡು-ಮೂರು-ಎರಡು-ಮೂರು. ಉದ್ದ ಎಣಿಕೆಯನ್ನು ಯಾರೂ ಬಿಡಿಯಾಗಿ ಹೊರುವುದಿಲ್ಲ.

ಅವಧಾನ ಕಲೆಯ ಸಂಖ್ಯಾಬಂಧದಲ್ಲಿಯೂ ಇದೇ ತತ್ತ್ವ. ಅಡ್ಡಲಾಗಿ, ಉದ್ದಕ್ಕೆ ಎಲ್ಲಿ ಕೂಡಿದರೂ ಒಂದೇ ಮೊತ್ತ ಬರುವ ಇಪ್ಪತ್ತೈದು ಮನೆಗಳ ಚೌಕದಿಂದ ಪೃಚ್ಛಕನು ನಡುನಡುವೆ ಮನಬಂದ ಮನೆಯ ಸಂಖ್ಯೆಯನ್ನು ಕೇಳುತ್ತಾನೆ. ಶತಾವಧಾನಿ ಆರ್. ಗಣೇಶ್ ಅವರಂಥವರು ಕವಿತೆ ಕಟ್ಟುತ್ತಲೇ ಅದನ್ನು ತುಂಬುವುದನ್ನು ಅನೇಕರು ನೋಡಿದ್ದಾರೆ. ಚೌಕದ ನಿಯಮ ಕೈಯಲ್ಲಿದ್ದರೆ ಇಪ್ಪತ್ತೈದು ಸಂಖ್ಯೆಗಳನ್ನು ಬಿಡಿಯಾಗಿ ಹೊರಬೇಕಾಗಿಲ್ಲ.

ನಮ್ಮ ಸೀಮೆಯದೇ ಒಂದು ಉದಾಹರಣೆ ಕೊಡುತ್ತೇನೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆದಾಗ ಅದರಲ್ಲಿದ್ದ ನಾಲ್ಕು ತಾಲೂಕುಗಳ ಸ್ಥಿರ ದೂರವಾಣಿಯ ಸಂಕೇತಗಳು ಇವು: ಗಂಗಾವತಿ 08533, ಯಲಬುರ್ಗಾ 08534, ಕುಷ್ಟಗಿ 08536, ಕೊಪ್ಪಳ 08539. ಬಿಡಿಯಾಗಿ ಎಣಿಸಿದರೆ ಇಪ್ಪತ್ತು ಅಂಕೆ. ಆದರೆ 0853 ಎಂಬುದು ನಾಲ್ಕಕ್ಕೂ ಸಮಾನ. ಅದನ್ನು ಒಂದು ಗಂಟಾಗಿ ಕಟ್ಟಿದರೆ ಉಳಿಯುವುದು 3, 4, 6, 9 ಎಂಬ ನಾಲ್ಕೇ ಅಂಕೆ. ಮನೆಯ ಮಕ್ಕಳಿಗೆ ಇದನ್ನು ಮಾಡಿ ತೋರಿಸಿದರೆ ಪಾಠ ಒಮ್ಮೆಗೇ ಮನಸ್ಸಿಗೆ ಹತ್ತುತ್ತದೆ.

ಕಟಪಯಾದಿಯ ಕೀಲಿ

ಸಂಖ್ಯೆಯನ್ನು ಬಹುಕಾಲ ಉಳಿಸಬೇಕಾದರೆ ನಮ್ಮ ಹಿರಿಯರ ಕಟಪಯಾದಿ ಕ್ರಮಕ್ಕೆ ಸಮನಾದುದು ವಿರಳ. ಕ, ಟ, ಪ, ಯ ಈ ನಾಲ್ಕಕ್ಕೂ ಬೆಲೆ 1. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ ಏರುತ್ತ ಝ ಮತ್ತು ಧ 9, ಞ ಮತ್ತು ನ 0. ಪವರ್ಗ ಮಕಾರದ 5ಕ್ಕೆ ನಿಲ್ಲುತ್ತದೆ. ಯಕಾರದಿಂದ ಹಕಾರದವರೆಗೆ 1ರಿಂದ 8, ಳಕಾರ 9. ಸ್ವರಚಿಹ್ನೆಗೆ ಬೆಲೆಯಿಲ್ಲ, ಒತ್ತಕ್ಷರದಲ್ಲಿ ಕೊನೆಯ ವ್ಯಂಜನವಷ್ಟೇ ಲೆಕ್ಕಕ್ಕೆ. ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳ ಹೆಸರು ಈ ಕ್ರಮವನ್ನು ಅನುಸರಿಸುತ್ತವೆ. ಧೀರಶಂಕರಾಭರಣದಲ್ಲಿ ಧೀ 9, ರ 2. ಬಲದಿಂದ ಎಡಕ್ಕೆ ಓದಿದರೆ 29, ಅದೇ ಮೇಳದ ಸಂಖ್ಯೆ.

ಮನೆಬಳಕೆಗೆ ಎಡದಿಂದ ಬಲಕ್ಕೆ ಓದಿದರೂ ಅಡ್ಡಿಯಿಲ್ಲ. ಆಗ 'ಬಸವ' 374 ಆಗುತ್ತದೆ, 'ಶರಣ' 525, 'ದಾಸೋಹ' 878, 'ಕೊಪ್ಪಳ' 119. 'ಕಾಯಕ' ಎಂದರೆ 111. ಮೊದಲು ಸಂಖ್ಯೆಯನ್ನು ನೋಡಿ ಅದಕ್ಕೊಪ್ಪುವ ಮಾತನ್ನು ಹುಡುಕಬೇಕು. ಎಲ್ಲರಿಗೂ ತಿಳಿದ ಮಾತಿನಿಂದ ಬ್ಯಾಂಕಿನ ಗುಪ್ತಸಂಖ್ಯೆಯನ್ನು ಕಟ್ಟಲೇಬಾರದು. ವಾರಕ್ಕೆ ಎರಡು ಸಂಜೆ ಮಕ್ಕಳೊಡನೆ ಇದನ್ನು ಆಟವಾಗಿ ಆಡಿದರೆ ವರ್ಣಮಾಲೆಯೂ ಗಟ್ಟಿಯಾಗುತ್ತದೆ.

ಇನ್ನು ದಿನದ ಅಭ್ಯಾಸ. ಹತ್ತು ನಿಮಿಷ ಸಾಕು. ಸಂಖ್ಯೆಯನ್ನು ಪೂರ್ತಿ ಕೇಳಿ. ಕೇಳುವಾಗ ಬೇರೆ ಕೆಲಸ ಬೇಡ. ಗುಂಪು ಮಾಡಿ ಒಮ್ಮೆ ಬಾಯಿಬಿಟ್ಟು ನುಡಿಯಿರಿ. ಕಾಗದ ನೋಡದೆ ಒಂದು ನಿಮಿಷದ ಮೇಲೆ, ಹತ್ತು ನಿಮಿಷದ ಮೇಲೆ, ಮರುದಿನ ಬೆಳಿಗ್ಗೆ ನೆನೆದು ನೋಡಿ. ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ಬಿಡುವು ಕೊಟ್ಟು ನೆನೆಯುವುದರಿಂದ ಹೆಚ್ಚು ಉಳಿಯುತ್ತದೆ.

ಎರಡು ಎಚ್ಚರಿಕೆಗಳು

ಸ್ಮರಣಶಕ್ತಿಯನ್ನು ಇಮ್ಮಡಿಸುವೆವೆಂಬ ಚೂರ್ಣ, ತರಗತಿ, ಗಣಕಯಂತ್ರದ ಆಟಗಳ ಜಾಹೀರಾತುಗಳಿಗೆ ಮರುಳಾಗಬೇಡಿ. ಅಭ್ಯಾಸ ಮಾಡಿದ ಕೆಲಸದಲ್ಲಿ ಕೈ ಪಳಗುತ್ತದೆ. ಅದರಿಂದ ಇಡೀ ಬುದ್ಧಿಯೇ ಚುರುಕಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಇಂಥ ಆಟಗಳ ಬಗ್ಗೆ ಆಧಾರವಿಲ್ಲದ ಭರವಸೆ ಕೊಟ್ಟಿತೆಂಬ ದೂರಿನ ಮೇಲೆ ಅಮೆರಿಕೆಯಲ್ಲಿ 'ಲ್ಯುಮಾಸಿಟಿ'ಯನ್ನು ನಡೆಸುವ ಕಂಪನಿಯು 2016ರಲ್ಲಿ 20 ಲಕ್ಷ ಡಾಲರ್ ತೆರಲು ಒಪ್ಪಿಕೊಳ್ಳಬೇಕಾಯಿತು.

ಇನ್ನೊಂದು, ಮನೆಯ ಪರೀಕ್ಷೆಯು ರೋಗನಿರ್ಣಯವಲ್ಲ. ಬಳಸಿದ ದಾರಿಯೇ ತಪ್ಪುವುದು, ಅದೇ ಪ್ರಶ್ನೆಯನ್ನು ಗಳಿಗೆಗೊಮ್ಮೆ ಕೇಳುವುದು, ಅಡಿಗೆಯ ಕ್ರಮ ಮರೆಯುವುದು, ಸ್ವಭಾವ ಬದಲಾಗುವುದು ಕಂಡುಬಂದರೆ ಅಂಕೆಯ ಪರೀಕ್ಷೆಯಲ್ಲಿ ಗೆದ್ದರೂ ವೈದ್ಯರಿಗೆ ತೋರಿಸಬೇಕು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳು ಇವೂ ಮರೆವು ತರುತ್ತವೆ, ಇವಕ್ಕೆ ಚಿಕಿತ್ಸೆಯಿದೆ. ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ; ಹೆಚ್ಚಿನ ಪರೀಕ್ಷೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಒಂದು ಸಂಖ್ಯೆಯನ್ನು ಮಾತ್ರ ಎಲ್ಲ ಹಿರಿಯರಿಗೂ ಕಲಿಸಿರಿ. ಮೋಸದಿಂದ ಬ್ಯಾಂಕಿನ ಹಣ ಹೋದರೆ ಕೂಡಲೇ ತಿಳಿಸಬೇಕಾದ ಸಹಾಯವಾಣಿ 1930. ಗಾಂಧೀಜಿಯವರ ಉಪ್ಪಿನ ಸತ್ಯಾಗ್ರಹದ ವರ್ಷವೂ 1930. ಹೀಗೆ ಕಟ್ಟಿಕೊಟ್ಟರೆ ಮರೆಯುವುದು ಕಷ್ಟ. ಬ್ಯಾಂಕಿನಿಂದ ಬಂದ ಓಟಿಪಿಯನ್ನು ಎಷ್ಟು ಚೆನ್ನಾಗಿ ನೆನಪಿಟ್ಟರೂ ಪರರಿಗೆ ಹೇಳಬಾರದೆಂಬುದನ್ನೂ ಜೊತೆಗೇ ಕಲಿಸಿರಿ.

ಮತ್ತೆ ಅಕ್ಕನ ಮನೆಗೆ

ದೀಪಾವಳಿಗೆ ಪುನಃ ಹೋದೆನು. ಅಡುಗೆಮನೆಯಲ್ಲಿ ನಾನು, ಅಕ್ಕ, ಅವಳ ಮೊಮ್ಮಗ ಮೂವರೇ ಕುಳಿತೆವು. ಮೊಮ್ಮಗ ಇಂಗ್ಲಿಷಿನಲ್ಲಿ ಓದಿದಾಗ ಅವಳ ಅಳತೆ ಮೂರು. ಕನ್ನಡದಲ್ಲಿ ಬಿಡಿಬಿಡಿಯಾಗಿ ಓದಿದಾಗ ಐದು. ಜೋಡಿ ಮಾಡಿ ನುಡಿದಾಗ ಎಂಟು ಅಂಕೆಗಳನ್ನು ನಾಲ್ಕು ಸಂಖ್ಯೆಗಳಾಗಿ ತಪ್ಪಿಲ್ಲದೆ ಹೇಳಿದಳು. ಹುಡುಗ ಎಡಕ್ಕೆ ಕುಳಿತು ಓದಿದಾಗಲೆಲ್ಲ ಅವಳು ತಲೆ ತಿರುಗಿಸುವುದನ್ನೂ ಕಂಡೆನು. ಕೊಪ್ಪಳಕ್ಕೆ ಕರೆದೊಯ್ದು ತೋರಿಸಿದಾಗ ಎಡಗಿವಿ ಮಂದವಾಗಿದೆಯೆಂದು ತಿಳಿಯಿತು. ಫೋನನ್ನು ಆಕೆ ಹಿಡಿಯುವುದು ಎಡಗಿವಿಗೇ! ಮರೆವೆಂದು ನಾವು ಹೆಸರಿಟ್ಟದ್ದರಲ್ಲಿ ಪಾಲಷ್ಟು ಕಿವಿಯದು, ಪಾಲಷ್ಟು ಇಂಗ್ಲಿಷಿನದು. ಮುಪ್ಪಿನ ಪಾಲು ಇಲ್ಲವೆನ್ನಲಾರೆ. ಐದು ಎಂಬುದು ಎಲ್ಲೆಯ ಕೆಳಗಿನ ಮೆಟ್ಟಿಲು. ಆದರೆ ಕೀಲಿ ಕಸಿಯುವಷ್ಟು ದೊಡ್ಡ ಪಾಲು ಅದಾಗಿರಲಿಲ್ಲ.

ಮಗನಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಮೊಮ್ಮಗನೇ ಫೋನಿನಲ್ಲಿ ಹೇಳಿದನಂತೆ: "ಅಪ್ಪಾ, ಅಮ್ಮಗ ಬಲಗಿವಿಗೆ ಹೇಳಬೇಕು, ಜೋಡಿ ಮಾಡಿ ಹೇಳಬೇಕು." ಮುಂದಿನ ವಾರ ಬಂದಾಗ ಮಗ ಪಾಸ್‌ಬುಕ್ಕನ್ನು ತಾಯಿಯ ಕೈಗೆ ಕೊಟ್ಟು ನಮಸ್ಕರಿಸಿದನು. ಟ್ರಂಕಿನ ಕೀಲಿಯನ್ನು ಮಾತ್ರ ಅಕ್ಕ ಸೊಸೆಯ ಕೈಯಲ್ಲಿಯೇ ಬಿಟ್ಟಳು. "ಇರಲಿ ಬಿಡು ತಮ್ಮಾ, ಕೊಟ್ಟದ್ದು ಕೊಟ್ಟಾಯ್ತು. ನನಗ ತಲಿ ಐತಿ ಅಂತ ಗೊತ್ತಾದರ ಸಾಕಿತ್ತು" ಎಂದಳು.

ನಿಮ್ಮ ಮನೆಯಲ್ಲಿಯೂ ಮರೆತವರೊಬ್ಬರು ಇದ್ದರೆ, ಅವರಿಗೆ ಹೆಸರಿಡುವ ಮೊದಲು ಬಳಿಯಲ್ಲಿ ಕುಳಿತು, ಅವರ ಮಾತಿನಲ್ಲಿ, ಅವರಿಗೆ ಕೇಳಿಸುವಂತೆ, ನಿಧಾನವಾಗಿ ಮತ್ತೊಮ್ಮೆ ಹೇಳಿ ನೋಡಿರಿ.